ಮಡಕೆ ಗುರುತಿಗೆ ಬಂದ ದಾರಿ

ತಮಿಳುನಾಡಿನ ಕಡಲೂರು, ವಿಲ್ಲುಪುರಂ ಕಡೆಯ ದಲಿತ ಕೇರಿಗಳಲ್ಲಿ ನೀಲಿ-ಕೆಂಪು ಪಟ್ಟೆಯ ಮೇಲೆ ಬಿಳಿ ನಕ್ಷತ್ರವಿರುವ ಬಾವುಟ ಹಾರುತ್ತಿರುತ್ತದೆ. ಅದು ವಿಡುದಲೈ ಚಿರುತ್ತೈಗಳ್ ಕಚ್ಚಿಯದು, ಅಂದರೆ ವಿಮೋಚನೆಯ ಚಿರತೆಗಳ ಪಕ್ಷದ್ದು.

1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್‌ನ ಕಿಡಿ ಹತ್ತು ವರ್ಷದಲ್ಲಿ ಮದುರೆಗೆ ತಲುಪಿತು. ಅಲ್ಲಿ ಮಲೈಚ್ಚಾಮಿ ಕಟ್ಟಿದ, ಮುಂದೆ ಇದೇ ಪಕ್ಷವಾದ ಸಂಘಟನೆಯನ್ನು, ಅವರು ತೀರಿಕೊಂಡ ಮೇಲೆ, 1990ರಲ್ಲಿ ತೊಲ್. ತಿರುಮಾವಳವನ್ ವಹಿಸಿಕೊಂಡರು. ಆಗ ಅವರು ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯದ ನೌಕರ. ಹಗಲು ಕಚೇರಿ, ರಾತ್ರಿ ಕೇರಿಗಳಲ್ಲಿ ಸಭೆ.

ಚುನಾವಣೆ ಬೇಡವೆಂಬುದೇ ಅವರ ಹಟವಾಗಿತ್ತು. ಅದಕ್ಕೆ ಕಾರಣವೂ ಇತ್ತು. ಮದುರೆ ಹತ್ತಿರದ ಮೇಲವಳವು ಪಂಚಾಯ್ತಿ ದಲಿತರಿಗೆ ಮೀಸಲಾದಾಗ ಅಧ್ಯಕ್ಷರಾಗಿ ಗೆದ್ದ ಮುರುಗೇಶನ್‌ರನ್ನು 1997ರ ಜೂನ್ 30ರಂದು ಬಸ್ಸು ತಡೆದು, ಸಂಗಡಿಗರ ಸಮೇತ ಕೊಂದರು. ಗೆದ್ದವನಿಗೇ ಈ ಗತಿಯಾದರೆ ಮತಪೆಟ್ಟಿಗೆಯನ್ನು ನಂಬುವವರು ಯಾರು? ಆದರೂ 1999ರಲ್ಲಿ ತಿರುಮಾವಳವನ್ ನೌಕರಿ ಬಿಟ್ಟು ಚಿದಂಬರಂನಿಂದ ಲೋಕಸಭೆಗೆ ನಿಂತರು. ಸೋತರೂ ಎರಡು ಲಕ್ಷಕ್ಕೂ ಮೀರಿ ಮತ ಬಂತು. ಬೀದಿಯೋ, ಮತಗಟ್ಟೆಯೋ ಎಂಬ ಈ ಪ್ರಶ್ನೆ ನಮ್ಮ ದಲಿತ ಸಂಘರ್ಷ ಸಮಿತಿಯನ್ನೂ ಕಾಡಿದ್ದೇ.

ಮುಂದಿನ ತೊಡಕು ಚಿಹ್ನೆಯದು. 2001ರಲ್ಲಿ ಮಂಗಳೂರ್ ಎಂಬ ವಿಧಾನಸಭಾ ಕ್ಷೇತ್ರದಲ್ಲಿ (ನಮ್ಮ ಕರಾವಳಿಯ ಮಂಗಳೂರಲ್ಲ!) ತಿರುಮಾವಳವನ್ ಗೆದ್ದದ್ದು ಡಿಎಂಕೆಯ ಉದಯಸೂರ್ಯನ ಗುರುತಿನಲ್ಲಿ. ದೊಡ್ಡ ಪಕ್ಷದ ಗುರುತು ಗೆಲುವು ಕೊಡುತ್ತದೆ ನಿಜ, ಆದರೆ ಸದನದಲ್ಲಿ ನೀವು ಅವರ ಸದಸ್ಯರೇ. 2004ರಲ್ಲಿ ಅವರು ಆ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 2009ರಲ್ಲಿ ಸಂಸದರಾದರು. 2016ರ ವಿಧಾನಸಭಾ ಚುನಾವಣೆಯಲ್ಲಿ ಎರಡೂ ದೊಡ್ಡ ದ್ರಾವಿಡ ಪಕ್ಷಗಳಿಂದ ದೂರ ನಿಂತು, ಕಾಟ್ಟುಮನ್ನಾರ್‌ಕೋಯಿಲ್‌ನಲ್ಲಿ ಬರೀ 87 ಮತಗಳಿಂದ ಸೋತರು. 2019ರಲ್ಲಿ ಅವರು ಚಿದಂಬರಂನಲ್ಲಿ ಮಡಕೆ ಗುರುತಿನಿಂದ ಲೋಕಸಭೆಗೆ ನಿಂತು 3,219 ಮತಗಳಿಂದ ದಡ ಸೇರಿದರೆ, ಅದೇ ಪಕ್ಷದ ರವಿಕುಮಾರ್ ವಿಲ್ಲುಪುರಂನಲ್ಲಿ ಮತ್ತೆ ಸೂರ್ಯನನ್ನೇ ನೆಚ್ಚಬೇಕಾಯಿತು.

ನನಗೆ ಹೆಚ್ಚು ಮುಖ್ಯವೆನಿಸುವುದು 2021ರ ವಿಧಾನಸಭಾ ಚುನಾವಣೆ. ಆರು ಕಡೆ ಮಡಕೆ ಹಿಡಿದು ನಾಲ್ಕು ಗೆದ್ದರು. ಅದರಲ್ಲಿ ನಾಗಪಟ್ಟಿನಂ, ತಿರುಪ್ಪೋರೂರು ಎರಡೂ ಸಾಮಾನ್ಯ ಕ್ಷೇತ್ರಗಳು. ದಲಿತ ಪಕ್ಷವೆಂದರೆ ಮೀಸಲು ಕ್ಷೇತ್ರಕ್ಕಷ್ಟೇ ಎಂಬ ಲೆಕ್ಕ ಅಲ್ಲಿ ತಪ್ಪಿತು. 2024ರಲ್ಲಿ ಎರಡೂ ಲೋಕಸಭಾ ಸ್ಥಾನಗಳು ಮಡಕೆಗೇ ಬಂದವು. ರಾಜ್ಯ ಪಕ್ಷದ ಮಾನ್ಯತೆಯೂ ಸಿಕ್ಕಿತು.

ಆದರೆ ಡಿಎಂಕೆ ಜೊತೆಗಿನ ಮೈತ್ರಿಗೆ ಬೆಲೆಯೂ ಇತ್ತು. 2022ರ ಕೊನೆಯಲ್ಲಿ ವೇಂಗೈವಯಲ್‌ನ ದಲಿತರ ಕುಡಿಯುವ ನೀರಿನ ಟ್ಯಾಂಕಿಗೆ ಮಲ ಬೆರೆಸಿದ ಪ್ರಕರಣದಲ್ಲಿ ಡಿಎಂಕೆ ಆಳ್ವಿಕೆಯ ಪೊಲೀಸರು ಕೊನೆಗೆ ದಲಿತರ ಮೇಲೆಯೇ ಆರೋಪಪಟ್ಟಿ ಸಲ್ಲಿಸಿದರು. ಚಿರತೆಗಳು ಸಿಬಿಐ ತನಿಖೆಗೆ ಪಟ್ಟು ಹಿಡಿದರು. ಡಿಎಂಕೆಯ ಕೈ ಮಾತ್ರ ಆಗಲೂ ಬಿಡಲಿಲ್ಲ.