ಮೃತರ ಹೆಸರು

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದವನಿಗೆ ಸಾವು ಅಪರಿಚಿತವಾದ ಸಂಗತಿಯಲ್ಲ. ನಮ್ಮ ಹಳ್ಳಿಗಳಲ್ಲಿ ಜನನ ಮರಣಗಳನ್ನು ದಾಖಲು ಮಾಡುವ ಹೊಣೆ ಆಗ ಗ್ರಾಮ ಲೆಕ್ಕಿಗನದಾಗಿತ್ತು. ಸಾವು ಸಂಭವಿಸಿದ 21 ದಿನಗಳೊಳಗೆ ಅದು ಅವನ ಪುಸ್ತಕಕ್ಕೆ ಬರಬೇಕೆಂಬುದು 1969ರ ಕಾಯಿದೆಗೆ ಸೇರಿದ ನಿಯಮ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದರ ಮರುವರ್ಷ ನಾನು ಆ ಹುದ್ದೆಗೆ ಸೇರಿದೆ. ಮೊದಲು ಜಗಳೂರು, ಅನಂತರ ಹೊನ್ನಾಳಿ, 2018ರಲ್ಲಿ ನ್ಯಾಮತಿ ಹೊಸ ತಾಲ್ಲೂಕಾದಾಗ ಅಲ್ಲಿ, ಕಡೆಗೆ ಚನ್ನಗಿರಿ. ಮೇಜು ಬದಲಾಯಿತು, ಹುದ್ದೆ ಬದಲಾಯಿತು, ಕೈಬರಹದ ಪುಸ್ತಕ ಹೋಗಿ ಗಣಕಯಂತ್ರ ಬಂತು. ಬದಲಾಗದೆ ಉಳಿದದ್ದು ಒಂದು ಪ್ರಶ್ನೆ: 'ಮೃತರ ಹೆಸರು?'

ಹೊಲದ ಒಡೆಯ ತೀರಿಕೊಂಡ ಮೇಲೆ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡುವುದಕ್ಕೆ ನಮ್ಮಲ್ಲಿ ಪೌತಿ ಖಾತೆ ಎನ್ನುತ್ತಾರೆ. ಮರಣ ಪತ್ರ, ವಂಶವೃಕ್ಷ ಮೊದಲಾದ ಕಾಗದಗಳನ್ನು ಹಿಡಿದು ಜನ ಬರುತ್ತಾರೆ. ಕಾಗದದಲ್ಲಿ ಹೆಸರಿದ್ದರೂ ಒಮ್ಮೆ ಬಾಯಲ್ಲಿ ಹೇಳಿಸಿ ತಾಳೆ ನೋಡುವುದು ನನ್ನ ಅಭ್ಯಾಸ. ಮುದುಕರು ಹೆಂಡತಿಯ ಹೆಸರು ಹೇಳಲು ತಡವರಿಸುತ್ತಿದ್ದರು. "ನಮ್ಮನೆಯಾಕಿ ಸ್ವಾಮಿ" ಎನ್ನುವರು. "ಯಜಮಾನ್ರೆ, ಮನೆಯಾಕಿ ಅಂದ್ರೆ ಕಂಪ್ಯೂಟರಿಗೆ ತಿಳಿಯಲ್ಲ" ಎಂದು ನಾನು ತಮಾಷೆ ಮಾಡುತ್ತಿದ್ದೆ. ಸಾಲಿನಲ್ಲಿದ್ದವರು ನಗುತ್ತಿದ್ದರು. ಆ ಮುದುಕನೂ ನಗುತ್ತಿದ್ದ. ಅಥವಾ ನಗುತ್ತಿದ್ದನೆಂದು ನಾನು ತಿಳಿದಿದ್ದೆ.

ನನ್ನಾಕೆಯ ಹೆಸರನ್ನು ನಾನೂ ಹೇಳಿದವನಲ್ಲ. 1992ರಲ್ಲಿ, ಮದುವೆಯ ದಿನ, ಹೊಸ್ತಿಲ ಬಳಿ ಹೆಂಗಸರು ಅಡ್ಡಗಟ್ಟಿ ಒಗಟು ಹೇಳಿಸಿದಾಗ ಒಮ್ಮೆ ಪ್ರಾಸ ಕೂಡಿಸಿ ಹೇಳಿದ್ದುಂಟು. ಆಮೇಲೆ 'ಇವಳೆ', 'ಕೇಳಿದೆಯಾ' ಎಂಬುದರಲ್ಲೇ ಮೂವತ್ತೊಂದು ವರ್ಷ ಕಳೆದುಹೋಯಿತು. ಅವಳು ಹೊನ್ನಾಳಿಯ ಸಮೀಪ, ತುಂಗಭದ್ರೆಯ ದಂಡೆಯ ಹಳ್ಳಿಯಲ್ಲಿ ಬೆಳೆದವಳು. ಹೊಳೆಗೆ ಇಳಿದು ಬಟ್ಟೆ ಒಗೆದು ರೂಢಿಯಿದ್ದವಳನ್ನು ನಾನು ಜಗಳೂರಿಗೆ ಕರೆತಂದೆ. ಮಳೆ ಕಡಿಮೆಯ ಸೀಮೆ ಅದು. ಕೊಡಗಳನ್ನು ಸಾಲಾಗಿ ಇಟ್ಟು ಸರದಿ ಕಾಯುವುದನ್ನು ಅವಳು ಅಲ್ಲಿ ಕಲಿತಳು. ಮೊದಲ ತಿಂಗಳು ಅತ್ತಳು. ಮರುವರ್ಷ ಅದೇ ಸಾಲಿನಲ್ಲಿ ಗೆಳತಿಯರನ್ನು ಸಂಪಾದಿಸಿದಳು. ಮತ್ತೆ ಹೊನ್ನಾಳಿಗೆ ವರ್ಗವಾದಾಗ ನೀರಿಗೇನೂ ಕೊರತೆಯಿರಲಿಲ್ಲ. ಆದರೂ ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಗಿಡಕ್ಕೆ ಹಾಕುವುದನ್ನು ಅವಳು ಬಿಡಲಿಲ್ಲ.

2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ನಿಜ ಶ್ರಾವಣದಲ್ಲಿ, ಆಗಸ್ಟ್ ಕೊನೆಯಲ್ಲಿ, ಹತ್ತು ದಿನ ದಾವಣಗೆರೆಯ ಆಸ್ಪತ್ರೆಯಲ್ಲಿದ್ದು ಅವಳು ತೀರಿಕೊಂಡಳು. ಹೊಲದಲ್ಲಿ ಸಮಾಧಿ ಮಾಡಿದೆವು. ಹನ್ನೊಂದನೆಯ ದಿನ ಶಿವಗಣಾರಾಧನೆ ನಡೆಯಿತು. ಶರಣರ ಮನೆಯಲ್ಲಿ ಮರಣಕ್ಕೆ ಅಳಬಾರದು ಎಂದು ಹಿರಿಯರು ಬುದ್ಧಿ ಹೇಳಿದರು. ಬುದ್ಧಿ ಹೇಳಿದವರ ಕಣ್ಣೂ ಒದ್ದೆಯಾಗಿತ್ತು.

ಆಮೇಲಿನ ಎರಡು ತಿಂಗಳು ಅವಳ ಹೆಸರನ್ನು ನಾನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಮರಣ ನೋಂದಣಿಗೆ, ಬ್ಯಾಂಕಿಗೆ, ವಿಮೆಗೆ, ಪಡಿತರ ಚೀಟಿಯಿಂದ ತೆಗೆಸುವುದಕ್ಕೆ. ನಾಮಿನಿ ಎಂದು ನನ್ನ ಕಾಗದಗಳಲ್ಲೆಲ್ಲ ಅವಳೇ ಇದ್ದುದರಿಂದ ಅವನ್ನು ತಿದ್ದುವುದಕ್ಕೆ. ಕಡೆಯದಾಗಿ ವಿಮಾನದ ಟಿಕೇಟಿನ ಹಣ ವಾಪಸು ಕೇಳುವುದಕ್ಕೆ.

ಈ ಟಿಕೇಟಿನ ವಿಷಯ ಹೇಳಬೇಕು. ಮಗ ಇಂಗ್ಲೆಂಡಿನ ರೆಡಿಂಗ್ ಎಂಬ ಊರಿನಲ್ಲಿ ಕೆಲಸಕ್ಕಿದ್ದಾನೆ. ಡಿಸೆಂಬರಿನಲ್ಲಿ ಅವನಿಗೂ ರಜೆ, ದಾವಣಗೆರೆಯಲ್ಲಿರುವ ಮೊಮ್ಮಗಳ ಶಾಲೆಗೂ ಕೆಲವು ದಿನ ಬಿಡುವು. ಎಲ್ಲರೂ ಕೂಡಿ ಕ್ರಿಸ್‌ಮಸ್‌ಗೆ ಅಲ್ಲಿರೋಣವೆಂದು ಜೂನ್ ತಿಂಗಳಲ್ಲೇ ನಿಶ್ಚಯವಾಗಿತ್ತು. ನನ್ನಾಕೆ ಎರಡು ಸ್ವೆಟರ್ ಕೊಂಡಿದ್ದಳು. ಕ್ರಿಸ್‌ಮಸ್ ಅವಳಿಗೆ ಪರಕೀಯವಾಗಿರಲಿಲ್ಲ. ಮಗನಿಗೆ ಬಾಲ್ಯದಲ್ಲಿ ಜ್ವರ ಇಳಿಯದಿದ್ದಾಗ ಹರಿಹರದ ಆರೋಗ್ಯಮಾತೆಗೆ ಹರಕೆ ಹೊತ್ತು ಮೇಣದಬತ್ತಿ ಹಚ್ಚಿ ಬಂದವಳು. ಆ ಮಾತೆಯ ಸನ್ನಿಧಿಗೆ ನಮ್ಮ ಕಡೆ ಎಲ್ಲ ಮತದವರೂ ಹೋಗುತ್ತಾರೆ.

ಆ ವರ್ಷ ನಮ್ಮ ಮನೆಯಲ್ಲಿ ದೀಪಾವಳಿ ಇಲ್ಲ. ಸೂತಕವಿಲ್ಲವೆಂದು ವಾದಿಸುವ ನಮ್ಮವರೂ ಸಾವಾದ ವರ್ಷ ಹಬ್ಬ ಬಿಡುತ್ತಾರೆ; ವಾದ ಬೇರೆ, ಮನಸ್ಸು ಬೇರೆ. ಹೀಗಿರುವಾಗ ಹೊರದೇಶದ ಹಬ್ಬಕ್ಕೆ ಹೋಗುವುದುಂಟೆ? ಮಗಳು ಹೋಗೋಣವೆಂದಳು, ಬೀಗರು ಬೇಡವೆಂದರು. ಕೊನೆಗೆ ನನ್ನಾಕೆಯ ಅಕ್ಕ, ಎಪ್ಪತ್ತು ದಾಟಿದ ಹೆಂಗಸು, ತೀರ್ಪು ಕೊಟ್ಟರು: "ನಮ್ಮ ಹಬ್ಬ ಮಾಡಬಾರದು ಅಂತ ಐತೆ. ಅವರ ಹಬ್ಬ ನೋಡಬಾರದು ಅಂತ ಯಾರು ಹೇಳ್ಯಾರೆ? ಹುಡುಗ ಒಬ್ಬನೇ ಅಳ್ತಿರ್ತಾನೆ, ಹೋಗಿ ಬರ್ರಿ." ಕಾನೂನಿನ ಇಂಥ ಸೂಕ್ಷ್ಮ ವ್ಯಾಖ್ಯಾನವನ್ನು ನಾನು ಯಾವ ಕಛೇರಿಯಲ್ಲೂ ಕಂಡಿಲ್ಲ. ಇಲಾಖೆಯಿಂದ ವಿದೇಶಕ್ಕೆ ಹೋಗಲು ಅನುಮತಿ ಪಡೆದು, ಗಳಿಕೆ ರಜೆ ಹಾಕಿ, ಕಾರಣದ ಜಾಗದಲ್ಲಿ 'ಕೌಟುಂಬಿಕ' ಎಂದು ಬರೆದೆ.

ಡಿಸೆಂಬರಿನ ಇಂಗ್ಲೆಂಡಿನಲ್ಲಿ ಹಗಲೆಂಬುದು ಎಂಟು ಗಂಟೆಯ ಬಾಳು. ನಾಲ್ಕು ಗಂಟೆಗೆ ಕತ್ತಲು. ಆ ಕತ್ತಲಿಗೆ ಎದುರಾಗಿಯೇ ಇರಬೇಕು, ಮನೆಮನೆಯ ಕಿಟಕಿಯಲ್ಲೂ ದೀಪದ ಸರ. ಹಬ್ಬಕ್ಕೆ ಮುನ್ನ ಒಂದು ದಿನ ಲಂಡನ್ನಿಗೆ ಕರೆದೊಯ್ದರು. ಟ್ರಫಾಲ್ಗರ್ ಚೌಕದಲ್ಲಿ ದೊಡ್ಡದೊಂದು ಮರ ನಿಲ್ಲಿಸಿದ್ದರು. ಮಹಾಯುದ್ಧದಲ್ಲಿ ಬ್ರಿಟನ್ ಮಾಡಿದ ನೆರವನ್ನು ನೆನೆದು 1947ರಿಂದ ಪ್ರತಿವರ್ಷ ನಾರ್ವೆಯವರು ಕಳುಹಿಸುವ ಮರವಂತೆ. ಅಲ್ಲಿಂದ ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆಗೆ ಹೋದೆವು. 2015ರ ನವೆಂಬರ್ 14ರಂದು ಪ್ರಧಾನಿಯವರು ಅನಾವರಣ ಮಾಡಿದ್ದು. ನನ್ನಾಕೆ ನೋಡಬೇಕೆಂದು ಪಟ್ಟಿ ಮಾಡಿದ್ದ ಸ್ಥಳ ಇದೊಂದೇ. ಚಳಿಗಾಳಿಯಲ್ಲಿ ಮೊಮ್ಮಗಳು ಹೂವು ಇಟ್ಟಳು. ತಮ್ಮ ಮಾತುಗಳಿಗೆಲ್ಲ ತಮ್ಮ ಹೆಸರನ್ನಿಡದೆ ಕೂಡಲಸಂಗಮನ ಹೆಸರನ್ನಿಟ್ಟವರು ಬಸವಣ್ಣನವರು. ಕಲ್ಲಿನಲ್ಲಿ ಕೆತ್ತಿದ್ದ ಅವರ ಹೆಸರನ್ನು ಓದುತ್ತ ಅದು ನೆನಪಾಯಿತು.

ಕ್ರಿಸ್‌ಮಸ್ ದಿನ ಇಡೀ ಊರು ನಿಂತುಬಿಡುತ್ತದೆಂದು ನನಗೆ ತಿಳಿದಿರಲಿಲ್ಲ. ರೈಲಿಲ್ಲ. ದೊಡ್ಡ ಅಂಗಡಿಗಳು ಅಂದು ತೆರೆಯಕೂಡದೆಂದು 2004ರಲ್ಲಿ ಕಾನೂನನ್ನೇ ಮಾಡಿದ್ದಾರೆ. ನಮ್ಮ ಹಬ್ಬದ ಗದ್ದಲಕ್ಕೆ ಒಗ್ಗಿದವನಿಗೆ ಆ ನಿಶ್ಶಬ್ದ ಹಬ್ಬದಂತೆ ಕಾಣಲಿಲ್ಲ. ಹಬ್ಬ ಮಾಡಬಾರದ ಮನೆಗೆ ಅದು ಹೊಂದಿಕೊಂಡಿತು. ಕಾಲೇಜಿನಲ್ಲಿ ಓದಿದ್ದ ಡಿಕನ್ಸನ ಕ್ರಿಸ್‌ಮಸ್ ಕಥೆ ನೆನಪಿಗೆ ಬಂತು. 1843ರ ಕಥೆ. ಜಿಪುಣ ಧಣಿ ತನ್ನ ಗುಮಾಸ್ತನಿಗೆ ಒಂದು ದಿನದ ರಜೆಯನ್ನು ಗೊಣಗುತ್ತ ಕೊಟ್ಟು ಮರುದಿನ ಬೇಗ ಬರಬೇಕೆನ್ನುವುದು ಎಲ್ಲರಿಗೂ ನೆನಪಿರುತ್ತದೆ. ನನಗೆ ಅಂದು ನೆನಪಾದದ್ದು ಬೇರೆ. ಮುಂದೆ ಹೀಗಾಗಬಹುದು ಎಂದು ಭೂತವೊಂದು ಆ ಧಣಿಗೆ ಗುಮಾಸ್ತನ ಮನೆಯನ್ನು ತೋರಿಸುತ್ತದೆ. ಕುಂಟ ಮಗು ತೀರಿಕೊಂಡಿದೆ. ತಾಯಿ ಹೊಲಿಯುತ್ತ ಕುಳಿತಿದ್ದಾಳೆ. ಬಟ್ಟೆಯ ಬಣ್ಣ ಕಣ್ಣಿಗೆ ನೋವು ಮಾಡುತ್ತದೆ ಎಂದು ಅವಳು ಕಣ್ಣಿಗೆ ಕೈ ಹಿಡಿಯುತ್ತಾಳೆ; ಗಂಡ ಮನೆಗೆ ಬಂದಾಗ ತನ್ನ ಕಣ್ಣು ಸೋತಂತೆ ಕಾಣಬಾರದೆಂಬ ಚಿಂತೆ ಅವಳಿಗೆ. ವಿದ್ಯಾರ್ಥಿಯಾಗಿದ್ದಾಗ ಅದು ಬಟ್ಟೆಯ ಬಣ್ಣದ ಮಾತೆಂದೇ ತಿಳಿದು ದಾಟಿ ಹೋಗಿದ್ದೆ.

ನಮ್ಮ ಮನೆಯಲ್ಲಿ ನಡೆಯುತ್ತಿದ್ದುದೂ ಅದೇ. ಮಗ ಈರುಳ್ಳಿ ಹೆಚ್ಚುವ ಕೆಲಸವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಆಗಸ್ಟಿನಲ್ಲಿ ಅವನು ಊರಿನಲ್ಲಿದ್ದದ್ದು ಐದೇ ದಿನ, ಆರಾಧನೆಗೂ ನಿಲ್ಲಲಾಗಲಿಲ್ಲ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳಿಗೆ ಎರಡು ವಾರದ ರಜೆಯನ್ನು 2020ರಿಂದ ಅಲ್ಲಿನ ಕಾನೂನು ಕೊಟ್ಟಿದೆ. ತಾಯಿಯನ್ನು ಕಳೆದುಕೊಂಡ ಮಗನ ಪಾಲಿಗೆ ಆಗ ಅಂಥ ನಿಗದಿತ ರಜೆ ಇರಲಿಲ್ಲ. "ಕೆಲಸ ಮಾಡ್ತಾ ಇದ್ರೆ ಮರೀತೀನಿ ಅಂದುಕೊಂಡಿದ್ದೆ ಅಪ್ಪಾಜಿ" ಎಂದಷ್ಟೇ ಅವನು ಹೇಳಿದ್ದು. ಮರೆತನೆ ಎಂದು ನಾನು ಕೇಳಲಿಲ್ಲ.

ಮಧ್ಯಾಹ್ನ ಪಕ್ಕದ ಮನೆಯ ಮುದುಕಿ ಬಂದರು. ಎಂಬತ್ತರ ಹತ್ತಿರದ ವಯಸ್ಸು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಗಂಡನನ್ನು ಕಳೆದುಕೊಂಡು ಐದು ವರ್ಷವಾಗಿತ್ತು. ಒಬ್ಬರೇ ಇರುತ್ತಾರೆಂದು ಸೊಸೆ ಊಟಕ್ಕೆ ಕರೆದಿದ್ದಳು. ಶೇಂಗಾ ಹೋಳಿಗೆಯನ್ನು ಚಾಕುವಿನಿಂದ ಕತ್ತರಿಸಿ ತಿಂದರು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ಹೆಂಡತಿಯ ಹೆಸರೇನು ಎಂದು ಕೇಳಿದರು.

ನಾಲ್ಕು ತಿಂಗಳಲ್ಲಿ ನನ್ನನ್ನು ಮಾತನಾಡಿಸಲು ನೂರಾರು ಜನ ಬಂದಿದ್ದರು. ಎಷ್ಟು ದಿನದ ಕಾಯಿಲೆ, ಯಾವ ಆಸ್ಪತ್ರೆ, ಖರ್ಚೆಷ್ಟಾಯಿತು ಎಂದು ಕೇಳಿದ್ದರು. ಹೆಸರನ್ನು ಯಾರೂ ಕೇಳಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹೇಳುವ ಅಗತ್ಯ ನನಗೂ ಬಿದ್ದಿರಲಿಲ್ಲ. ಈಗ ಬಾಯಿ ತೆರೆದರೆ ಮಾತು ಹೊರಡಲಿಲ್ಲ. ಮಗಳು ನನ್ನ ಪರವಾಗಿ ಹೇಳಲು ಹೊರಟಳು; ಆ ಹೆಂಗಸು ಕೈಯೆತ್ತಿ ಅವಳನ್ನು ತಡೆದರು. ಅವಸರವೇನೂ ಇಲ್ಲವೆಂಬಂತೆ ಕಾದರು. ನಾನು ಹೇಳಿದೆ. ಅವರು ಅದನ್ನು ತಮ್ಮ ನಾಲಗೆಯಲ್ಲಿ ತಪ್ಪಾಗಿ ಉಚ್ಚರಿಸಿದರು. ನಾನು ತಿದ್ದಿ ಇನ್ನೊಮ್ಮೆ ಹೇಳಿದೆ. ಮೂರನೆಯ ಸಲಕ್ಕೆ ಅವರಿಗೆ ಸರಿಯಾಗಿ ಬಂತು. ಅವಳು ಎಲ್ಲಿಯವಳು ಎಂದರು. ಹೊಳೆಯ ವಿಷಯ ಹೇಳಿದೆ, ಜಗಳೂರಿನ ಕೊಡದ ಸಾಲಿನ ವಿಷಯ ಹೇಳಿದೆ. ನನ್ನ ಇಂಗ್ಲಿಷು ಸರಕಾರಿ ಪತ್ರದ ಇಂಗ್ಲಿಷು. ಅಕ್ಕಿ ತೊಳೆದ ನೀರನ್ನು ಅದರಲ್ಲಿ ಹೇಳುವುದು ಸುಲಭವಾಗಿರಲಿಲ್ಲ. ಮಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ತಾಯಿಯ ಹೆಸರನ್ನು ತಂದೆಯ ಬಾಯಲ್ಲಿ ಅವನು ಕೇಳಿದ್ದು ಅದೇ ಮೊದಲು. ಅಂದು ಈರುಳ್ಳಿಯ ನೆಪ ಅವನಿಗೆ ಬೇಕಾಗಲಿಲ್ಲ.

2024ರ ಜನವರಿ ಎರಡನೆಯ ವಾರದಲ್ಲಿ ಚನ್ನಗಿರಿಯ ಕಛೇರಿಗೆ ಹಿಂದಿರುಗಿದೆ. ಇಲ್ಲೊಂದು ಹಿಂದಿನ ಸಂಗತಿ ಹೇಳಬೇಕು. ಸೆಪ್ಟೆಂಬರಿನಲ್ಲಿ ಆರಾಧನೆ ಮುಗಿಸಿ ಮೊದಲ ಸಲ ಕೆಲಸಕ್ಕೆ ಬಂದಾಗಲೇ ನನ್ನ ಮೇಜಿನ ಮೇಲೆ ಪೌತಿ ಖಾತೆಯ ಕಡತಗಳು ಕಾಣುತ್ತಿರಲಿಲ್ಲ. ಜೊತೆಯ ಹುಡುಗರು ಸದ್ದಿಲ್ಲದೆ ಅವನ್ನು ಬೇರೆ ಮೇಜಿಗೆ ಸಾಗಿಸುತ್ತಿದ್ದರು. ನಾನು ಕಂಡೂ ಕಾಣದವನಂತಿದ್ದೆ. ಅವರ ಸೌಜನ್ಯಕ್ಕೆ ನಾನು ಋಣಿ. ಆದರೆ ಅದು ಬರಗಾಲದ ವರ್ಷ. 2023ರ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದ್ದರು. ಪರಿಹಾರದ ಮೊದಲ ಕಂತು, ಎರಡು ಸಾವಿರ ರೂಪಾಯಿಯವರೆಗಿನದು, ಆ ಜನವರಿಯಲ್ಲೇ ರೈತರ ಖಾತೆಗೆ ಬೀಳತೊಡಗಿತ್ತು. ಅದು ಬೀಳುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಪಹಣಿ ಸತ್ತವರ ಹೆಸರಿನಲ್ಲೇ ಉಳಿದಿದ್ದರೆ ಹಣ ಬರುವುದೆಲ್ಲಿಂದ? ಹೀಗಾಗಿ ವರ್ಷಗಟ್ಟಲೆ ಸುಮ್ಮನಿದ್ದವರೂ ಕಾಗದ ಹಿಡಿದು ಬಂದಿದ್ದರು. ಪಕ್ಕದ ಮೇಜಿನ ಮುಂದೆ ಸಾಲು ಹೊರಬಾಗಿಲು ದಾಟಿತ್ತು.

ಆ ಕಡತಗಳನ್ನು ಇತ್ತ ಕೊಡಿ ಎಂದೆ. ಹುಡುಗ ನನ್ನ ಮುಖ ನೋಡಿದ. "ಬೇಡ ಸಾರ್, ನಾವೇ ನೋಡ್ಕೋತೀವಿ" ಎಂದ. ಕೊಡಪ್ಪ ಎಂದು ಮತ್ತೊಮ್ಮೆ ಹೇಳಿದ ಮೇಲೆ ತಂದಿಟ್ಟ.

ನಾಲ್ಕನೆಯವನೋ ಐದನೆಯವನೋ ಒಬ್ಬ ಮುದುಕ ಬಂದ. ಸೂಳೆಕೆರೆಯ ಆಚೆಯ ಹಳ್ಳಿಯವನು. ಸರಕಾರಿ ಕಾಗದದಲ್ಲಿ ಅದು ಶಾಂತಿಸಾಗರ. ಅವನ ಬಾಯಲ್ಲಿ ಸೂಳೆಕೆರೆಯೇ. ಎರಡು ಎಕರೆ ಹೆಂಡತಿಯ ಹೆಸರಿನಲ್ಲಿತ್ತು, ಅವಳು ಹೋಗಿ ಮೂರು ವರ್ಷವಾಗಿತ್ತು. ಮರಣ ಪತ್ರವನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಮಡಿಕೆ ಬಿಡಿಸಿ ಮೇಜಿನ ಮೇಲೆ ಸವರಿ ಇಟ್ಟ.

"ಹೆಸರು ಯಜಮಾನ್ರೆ?"

"ನಮ್ಮನೆಯಾಕಿ ಸ್ವಾಮಿ" ಎಂದ.

ನಾನು ಏನೂ ಹೇಳಲಿಲ್ಲ. ಅವನು ಕಾಗದವನ್ನು ನನ್ನತ್ತ ತಳ್ಳಿದ, ಅದರಲ್ಲೇ ಇದೆ ಎಂಬಂತೆ. ನಾನು ಅದನ್ನು ನೋಡದೆ ಅವನನ್ನೇ ನೋಡುತ್ತ ಕುಳಿತೆ. ಅವನು ಹೆಗಲ ಮೇಲಿನ ಟವಲನ್ನು ಒಮ್ಮೆ ಸರಿಮಾಡಿಕೊಂಡ, ಹಿಂದೆ ನಿಂತಿದ್ದವರನ್ನು ತಿರುಗಿ ನೋಡಿದ, ಮೇಜಿನ ಮೇಲೆ ತುಸು ಬಾಗಿ, ಇನ್ನೊಬ್ಬರಿಗೆ ಕೇಳಬಾರದೆಂಬಂತೆ ಹೆಸರು ಹೇಳಿದ. ಅದನ್ನು ನಾನು ಕೇಳಿಸಿಕೊಂಡ ಹಾಗೆಯೇ ಹೇಳಿ, ಸರಿಯೆ ಎಂದು ಕೇಳಿದೆ. ಸರಿ ಎಂದ.

"ತವರೂರು ಯಾವುದು?"

ಪೌತಿ ಖಾತೆಗೆ ತವರೂರು ಬೇಕಾಗಿಲ್ಲ. ಅದು ಅವನಿಗೆ ತಿಳಿದಿರಲಿಲ್ಲ.

"ಸಂತೆಬೆನ್ನೂರು ಸ್ವಾಮಿ. ಅಲ್ಲಿ ಹೊಂಡ ಐತಲ್ಲ, ಅದರ ಹಿಂದೇನೇ ಮನೆ. ಮದುವೆ ಆದ ಹೊಸದಾಗಿ ಹೋದಾಗ..." ಎಂದು ಆರಂಭಿಸಿ, ಹಿಂದಿನ ಸಾಲು ನೆನಪಾಗಿ ಅವನು ನಿಲ್ಲಿಸಿದ. ನಾನು ಪಕ್ಕದಲ್ಲಿದ್ದ ಕುರ್ಚಿಯನ್ನು ಎಳೆದು ಕೊಟ್ಟೆ. ಕುಳಿತುಕೊಂಡು ಮುಂದುವರಿಸಿದ. ಸಾಲಿನಲ್ಲಿದ್ದವರು ಗೊಣಗಿದರು, ಅದು ನ್ಯಾಯವೇ, ಊಟದ ಹೊತ್ತಾಗಿತ್ತು.