ಮಧ್ಯಾಹ್ನದ ಗಂಟೆ

(ಶತಮಾನೋತ್ಸವದ ಎರಡನೆಯ ದಿನ ಸಂಜೆ ದೇವಾಲಯದ ಆವರಣದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಈ ಉತ್ಸವದ ಸಿದ್ಧತೆಗಾಗಿ ನಾವು ಸಭೆ ಸೇರಿದ್ದಾಗ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಒಂದು ಪ್ರಶ್ನೆ ಕೇಳಿದ. "ಮಧ್ಯಾಹ್ನದ ಗಂಟೆಯನ್ನು ಹಿಂದೆ ತುರ್ಕರ ವಿರುದ್ಧ ಬಾರಿಸಲಾಯಿತು ಎಂದು ಓದಿದ್ದೇನೆ. ನಮ್ಮ ಬೀದಿಯಲ್ಲಿ ಮುಸಲ್ಮಾನ ಬಂಧುಗಳಿದ್ದಾರೆ. ಆ ಗಂಟೆಯನ್ನು ನಾವು ಇನ್ನೂ ಬಾರಿಸಬೇಕೆ?" ಅಂದು ನನ್ನಲ್ಲಿ ಉತ್ತರವಿರಲಿಲ್ಲ. ದಿನಕ್ಕೆ ಮೂರು ಬಾರಿ ಕಿವಿಗೆ ಬೀಳುವ ಗಂಟೆಯ ಇತಿಹಾಸವನ್ನು ಈ ವಯಸ್ಸಿನವರೆಗೂ ನಾನು ವಿಚಾರಿಸಿರಲಿಲ್ಲವೆಂಬ ನಾಚಿಕೆಯೂ ಆಯಿತು. ಅನಂತರ ಓದಿ ತಿಳಿದುದನ್ನು ಇಂದು ತಮ್ಮ ಮುಂದಿಡುತ್ತೇನೆ.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಾವು ಹೇಳುವ ತ್ರಿಕಾಲ ಪ್ರಾರ್ಥನೆಗೆ ಲತೀನ್ ಭಾಷೆಯಲ್ಲಿ ಆಂಜಲಸ್ ಎಂದು ಹೆಸರು. ಈ ಮೂರು ಗಂಟೆಗಳು ಒಂದೇ ದಿನ ಹುಟ್ಟಿದವಲ್ಲ. ಮೊದಲು ಬಂದುದು ಸಂಜೆಯದು. ಮಧ್ಯಯುಗದ ಐರೋಪ್ಯ ಪಟ್ಟಣಗಳಲ್ಲಿ ಮರದ ಮನೆಗಳೇ ಹೆಚ್ಚು. ರಾತ್ರಿ ಒಂದು ಒಲೆಯ ಕಿಡಿ ಹಾರಿದರೆ ಇಡೀ ಊರೇ ಬೂದಿ. ಆದ್ದರಿಂದ ಕತ್ತಲಾಗುತ್ತಲೇ ಬೆಂಕಿಯನ್ನು ಮುಚ್ಚಿರೆಂದು ಗಂಟೆ ಬಾರಿಸುತ್ತಿದ್ದರು. ಫ್ರೆಂಚರು ಅದನ್ನು "ಬೆಂಕಿ ಮುಚ್ಚು" ಎಂಬರ್ಥದ ಮಾತಿನಿಂದಲೇ ಕರೆದರು. ಗಲಭೆಯ ದಿನಗಳಲ್ಲಿ ನಾವು ಕೇಳುವ ಕರ್ಫ್ಯೂ ಎಂಬ ಪದ ಬಂದದ್ದು ಅದರಿಂದಲೇ. 13ನೆಯ ಶತಮಾನದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಸಂಜೆಯ ಗಂಟೆಯ ಹೊತ್ತಿಗೆ ನಮೋ ಮರಿಯಾ ಜಪವನ್ನು ಹೇಳುವಂತೆ ಜನರನ್ನು ಪ್ರೇರಿಸಿದರು. 1318ರಲ್ಲಿ ಜಗದ್ಗುರು 22ನೆಯ ಜಾನರು ಆ ವಾಡಿಕೆಗೆ ಮನ್ನಣೆಯಿತ್ತರು. 1327ರಲ್ಲಿ ರೋಮ್ ನಗರದಲ್ಲಿಯೂ ಅದು ನಡೆಯಲೆಂದು ಆಜ್ಞಾಪಿಸಿದರು.

ಬೆಳಗಿನ ಗಂಟೆಯ ಕಥೆ ಇನ್ನೂ ಮನೋಹರವಾದುದು. 1318ರಲ್ಲಿ ಇಟಲಿಯ ಪಾರ್ಮಾ ಪಟ್ಟಣದಲ್ಲಿ, ಬೆಳಗಿನ ಗಂಟೆ ಕೇಳಿದವರೆಲ್ಲ ಪರಲೋಕ ಮಂತ್ರವನ್ನೂ ನಮೋ ಮರಿಯಾ ಜಪವನ್ನೂ ಮೂರು ಮೂರು ಬಾರಿ ಹೇಳಿ ಊರಿನ ನೆಮ್ಮದಿಗಾಗಿ ಬೇಡಬೇಕೆಂದು ಬಿಷಪರು ಉಪದೇಶಿಸಿದರು. ಜನರು ಅದನ್ನು ಶಾಂತಿಯ ಗಂಟೆಯೆಂದೇ ಕರೆದರು.

ಕೊನೆಗೆ ಬಂದುದು ಮಧ್ಯಾಹ್ನದ ಗಂಟೆ. ಯುವಕನ ಪ್ರಶ್ನೆ ಇದನ್ನು ಕುರಿತದ್ದು. ಸತ್ಯವನ್ನು ಮರೆಮಾಡುವುದು ಧರ್ಮವಲ್ಲ. ಇದ್ದುದನ್ನು ಇದ್ದಂತೆ ಹೇಳುತ್ತೇನೆ.

1453ರ ಮೇ 29ರಂದು ಸುಲ್ತಾನ ಎರಡನೆಯ ಮೆಹಮದನು ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದನು. ಮೂರು ವರ್ಷಗಳ ಬಳಿಕ ಅವನ ಸೇನೆ ದಾನ್ಯೂಬ್ ನದಿಯ ದಂಡೆಯ ಬೆಲ್‌ಗ್ರೇಡ್ ಕೋಟೆಯನ್ನು ಮುತ್ತಲು ಹೊರಟಿತು. ಯೂರೋಪ್ ಭಯದಿಂದ ನಡುಗಿತು. ರಾಜರು ಮಾತು ಕೊಟ್ಟರೇ ಹೊರತು ಸೈನ್ಯ ಕೊಡಲಿಲ್ಲ. 1456ರ ಜೂನ್ 29ರಂದು ಜಗದ್ಗುರು ಮೂರನೆಯ ಕಲಿಸ್ತರು ಆಜ್ಞಾಪತ್ರವೊಂದನ್ನು ಹೊರಡಿಸಿದರು. ಪ್ರತಿದಿನ ಅಪರಾಹ್ನ ದೇವಾಲಯಗಳ ಗಂಟೆ ಬಾರಿಸಬೇಕು, ಕೇಳಿದವರು ರಕ್ಷಣೆಗಾಗಿ ಪ್ರಾರ್ಥಿಸಬೇಕು ಎಂಬುದು ಅದರ ಸಾರ. ಹಂಗೇರಿಯ ಸೇನಾನಿ ಹುನ್ಯಾದಿ, ಎಪ್ಪತ್ತು ವರ್ಷದ ಫ್ರಾನ್ಸಿಸ್ಕನ್ ಸನ್ಯಾಸಿ ಸಂತ ಜಾನ್ ಕಪಿಸ್ತ್ರಾನರು, ಮತ್ತು ಅವರ ಹಿಂದೆ ಕುಡುಗೋಲು ಹಿಡಿದು ಬಂದ ಬಡ ರೈತರು ಕೋಟೆಯನ್ನು ಕಾದರು. ಜುಲೈ 22ರಂದು ಮುತ್ತಿಗೆ ಮುರಿಯಿತು. ಸುದ್ದಿ ಆಗಸ್ಟ್ 6ರಂದು ರೋಮನ್ನು ತಲುಪಿತು. ಅದರ ಸ್ಮರಣೆಗೆಂದು ಮರುವರ್ಷ ಪ್ರಭುವಿನ ರೂಪಾಂತರದ ಹಬ್ಬವನ್ನು ಆ ದಿನವೇ ಇಡೀ ಪಾಶ್ಚಾತ್ಯ ಧರ್ಮಸಭೆಯಲ್ಲಿ ಆಚರಿಸುವಂತೆ ಜಗದ್ಗುರುಗಳು ವಿಧಿಸಿದರು.

ಇಲ್ಲಿ ಜನಪದವು ತನ್ನ ಕೆಲಸವನ್ನು ಮಾಡಿದೆ. ಮಧ್ಯಾಹ್ನದ ಗಂಟೆ ವಿಜಯದ ಗಂಟೆ, ಗೆದ್ದ ಸಂತೋಷಕ್ಕೆ ಬಾರಿಸಿದ್ದು ಎಂದು ಹಂಗೇರಿಯಲ್ಲಿ ಇಂದಿಗೂ ಹೇಳುತ್ತಾರೆ. ದಿನಾಂಕಗಳನ್ನು ನೋಡಿ: ಆಜ್ಞೆ ಹೊರಟಿದ್ದು ಜೂನ್ 29ರಂದು, ಗೆಲುವು ಬಂದಿದ್ದು ಜುಲೈ 22ರಂದು. ಹಲವು ಊರುಗಳಿಗೆ ಗೆಲುವಿನ ಸುದ್ದಿ ಆಜ್ಞೆಯ ಬೆನ್ನಲ್ಲೇ ಬಂದುದರಿಂದ ಎರಡೂ ಒಂದಾಗಿ ಕಂಡವು. ಅದೇ ವರ್ಷ ಹ್ಯಾಲಿಯ ಧೂಮಕೇತುವೂ ಆಕಾಶದಲ್ಲಿ ಕಾಣಿಸಿಕೊಂಡಿತ್ತು. ಕಲಿಸ್ತರು ಆ ಧೂಮಕೇತುವನ್ನೇ ಧರ್ಮಸಭೆಯಿಂದ ಬಹಿಷ್ಕರಿಸಿದರೆಂಬ ಕಥೆಯೊಂದು ಆಮೇಲೆ ಹುಟ್ಟಿ, ವಿದ್ವಾಂಸರ ಪುಸ್ತಕಗಳನ್ನೂ ಸೇರಿತು. ಆಜ್ಞಾಪತ್ರದಲ್ಲಿ ಧೂಮಕೇತುವಿನ ಹೆಸರೇ ಇಲ್ಲ! ಹೀಗೆ ಭಯದಲ್ಲಿ ಮೊಳಗಿದ ಗಂಟೆ ನೆನಪಿನಲ್ಲಿ ಜಯಘಂಟೆಯಾಯಿತು. ಅದು ಹುಟ್ಟುವಾಗ ಕೇವಲ ಮೊರೆಯಾಗಿತ್ತು.

ಆ ಗೆಲುವು ಎಷ್ಟು ಕಾಲ ಉಳಿಯಿತು? ಕೋಟೆಯ ಬಳಿ ಹಬ್ಬಿದ ಪ್ಲೇಗಿನಿಂದ ಹುನ್ಯಾದಿ ಆಗಸ್ಟ್ ತಿಂಗಳಲ್ಲೇ ಮಡಿದನು. ಕಪಿಸ್ತ್ರಾನರು ಅಕ್ಟೋಬರಿನಲ್ಲಿ ತೀರಿಕೊಂಡರು. 1521ರಲ್ಲಿ ಬೆಲ್‌ಗ್ರೇಡ್ ತುರ್ಕರ ವಶವಾಯಿತು. ಖಡ್ಗದಿಂದ ಬಂದ ಫಲ 65 ವರ್ಷಗಳಲ್ಲಿ ಕರಗಿತು. ಗಂಟೆ ಮಾತ್ರ ನಿಲ್ಲಲಿಲ್ಲ. ಅದು ಉಳಿದುದು ಅರ್ಥವನ್ನು ಬದಲಿಸಿಕೊಂಡು. 1472ರಲ್ಲಿ ಫ್ರಾನ್ಸಿನ ದೊರೆ 11ನೆಯ ಲೂಯಿ ತನ್ನ ರಾಜ್ಯದ ಜನರೆಲ್ಲ ಮಧ್ಯಾಹ್ನದ ಗಂಟೆಗೆ ಮಂಡಿಯೂರಿ ಶಾಂತಿಗಾಗಿ ಮಾತೆ ಮರಿಯಳನ್ನು ಬೇಡಬೇಕೆಂದು ಸಾರಿದನು. ಯುದ್ಧದ ಮೊರೆಯಾಗಿದ್ದ ಗಂಟೆ ಕೆಲವೇ ವರ್ಷಗಳಲ್ಲಿ, ಪಾರ್ಮಾದ ಬೆಳಗಿನ ಗಂಟೆಯಂತೆ, ಶಾಂತಿಯ ಗಂಟೆಯಾಯಿತು.

ಮುಂದೆ ಮೂರು ಹೊತ್ತಿಗೂ ಒಂದೇ ಪ್ರಾರ್ಥನೆ ನಿಂತಿತು. ಆ ಪ್ರಾರ್ಥನೆಯನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡು ನೋಡಿ. ದೇವದೂತ ತಂದ ವಾರ್ತೆ, ಮರಿಯಳ ವಿನಯದ ಒಪ್ಪಿಗೆ, ದೇವರ ವಾರ್ತೆ ಮನುಷ್ಯರೂಪ ತಾಳಿ ನಮ್ಮ ನಡುವೆ ನೆಲೆಸಿದ್ದು: ಇಷ್ಟೇ. ಅದರಲ್ಲಿ ಸುಲ್ತಾನನಿಲ್ಲ, ಕೋಟೆಯಿಲ್ಲ, ಶತ್ರುವೆಂಬ ಪದವೂ ಇಲ್ಲ. ಭಯವು ಗಂಟೆಯ ಹಗ್ಗವನ್ನು ಎಳೆದಿರಬಹುದು. ಧರ್ಮಸಭೆ ಆ ನಾದಕ್ಕೆ ಕೊಟ್ಟ ಮಾತುಗಳಲ್ಲಿ ದ್ವೇಷಕ್ಕೆ ಎಡೆಯಿಲ್ಲ. 1974ರಲ್ಲಿ ಜಗದ್ಗುರು ಆರನೆಯ ಪೌಲರು ಮರಿಯಭಕ್ತಿಯನ್ನು ಕುರಿತ ತಮ್ಮ ಪತ್ರದಲ್ಲಿ, ಈ ಪ್ರಾರ್ಥನೆಯನ್ನು ಬದಲಿಸುವ ಅಗತ್ಯವಿಲ್ಲ, ಅದನ್ನು ಉಳಿಸಿಕೊಳ್ಳಿ ಎಂದು ಹೇಳಿದ್ದು ಸುಮ್ಮನೆ ಅಲ್ಲ.

ಫ್ರಾನ್ಸಿನ ಚಿತ್ರಕಾರ ಮಿಲೆ 1857 ರಿಂದ 1859ರ ಅವಧಿಯಲ್ಲಿ ಬರೆದ ಚಿತ್ರವೊಂದನ್ನು ತಮ್ಮಲ್ಲಿ ಹಲವರು ಕ್ಯಾಲೆಂಡರುಗಳಲ್ಲಿ ಕಂಡಿರುತ್ತೀರಿ. ಆಲೂಗೆಡ್ಡೆಯ ಹೊಲದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ತಲೆಬಾಗಿ ನಿಂತಿದ್ದಾರೆ. ದೂರದಲ್ಲಿ ದೇವಾಲಯದ ಗೋಪುರ. ಗಂಟೆ ಕೇಳಿದಾಗ ತನ್ನ ಅಜ್ಜಿ ಹೊಲದ ಕೆಲಸವನ್ನು ನಿಲ್ಲಿಸಿ, ತೀರಿಹೋದ ಬಡವರಿಗಾಗಿ ಪ್ರಾರ್ಥಿಸುವಂತೆ ತಮಗೆಲ್ಲ ಹೇಳುತ್ತಿದ್ದಳು, ಆ ನೆನಪಿನಿಂದಲೇ ಚಿತ್ರ ಬರೆದೆ ಎಂದು ಮಿಲೆ ಹೇಳಿದ್ದಾನೆ. ಸಾಮ್ರಾಜ್ಯಗಳ ಇತಿಹಾಸದಿಂದ ಹೊರಟ ಗಂಟೆ ಕೊನೆಗೆ ಒಬ್ಬ ಅಜ್ಜಿಯ ಕರುಣೆಯಲ್ಲಿ ಬಂದು ನೆಲೆಸಿತು.

ಅಂಥ ಅಜ್ಜಿಯರು ನಮ್ಮಲ್ಲಿಯೂ ಇದ್ದರು. ನನ್ನ ಅಜ್ಜಿ ರಾಗಿಹೊಲದಲ್ಲಿ ಕುಡುಗೋಲನ್ನು ನೆಲಕ್ಕಿಟ್ಟು, ಸೆರಗನ್ನು ತಲೆಗೆಳೆದುಕೊಂಡು ನಿಲ್ಲುತ್ತಿದ್ದಳು. ಪಕ್ಕದ ಹೊಲದ ಸಾಹೇಬರು ಅದೇ ಗಂಟೆ ಕೇಳಿ ಎತ್ತುಗಳ ನೊಗ ಬಿಚ್ಚಿ ಬುತ್ತಿಗೆ ಕುಳಿತುಕೊಳ್ಳುತ್ತಿದ್ದರು. ಆ ಗಂಟೆ ತಮ್ಮ ವಿರುದ್ಧವೆಂದು ಅವರಿಗೆ ಎಂದೂ ಅನಿಸಲಿಲ್ಲ. ಹಾಗೆ ಅನಿಸುವಂತೆ ಅಜ್ಜಿ ನಡೆದುಕೊಳ್ಳಲೂ ಇಲ್ಲ. ಒಂದು ವರ್ಷ ಅಜ್ಜಿ ಜ್ವರದಿಂದ ಮಲಗಿದ್ದಾಗ, ಗಂಟೆಯ ಹೊತ್ತಿಗೆ ಹೊಲದಲ್ಲಿ ಅವಳು ಕಾಣಲಿಲ್ಲವೆಂದು ಮೊದಲು ವಿಚಾರಿಸಲು ಬಂದವರೇ ಅವರು.

ಆದ್ದರಿಂದ ಆ ಯುವಕನಿಗೆ ನನ್ನ ಉತ್ತರ ಹೀಗಿದೆ: ಮಗನೇ, ನೀನು ಓದಿದ್ದು ನಿಜ. ಆದರೆ ಗಂಟೆ ಏತಕ್ಕಾಗಿ ಎಂಬುದನ್ನು ಅದು ಹುಟ್ಟಿದ ದಿನ ಮಾತ್ರ ನಿರ್ಧರಿಸುವುದಿಲ್ಲ. ಅದನ್ನು ಕೇಳಿದಾಗ ನಾವು ಏನು ಮಾಡುತ್ತೇವೆ ಎಂಬುದೂ ನಿರ್ಧರಿಸುತ್ತದೆ. ಕೇಳಿಯೂ ಕೇಳದಂತೆ ನಡೆದುಹೋದರೆ ಅದು ಬರಿಯ ಕಂಚಿನ ಸದ್ದು. ಯಾರಾದರೂ ಅದನ್ನು ಜಯಘೋಷವೆಂದು ಬಾರಿಸಿದರೆ, ನಿನ್ನೊಂದಿಗೆ ನಾನೂ ಬೇಡವೆನ್ನುತ್ತೇನೆ. ಒಂದು ನಿಮಿಷ ನಿಂತು, ಪಕ್ಕದ ಮನೆಯವರ ಹೆಸರನ್ನೂ ಸೇರಿಸಿಕೊಂಡು ಪ್ರಾರ್ಥಿಸುವವರಿದ್ದರೆ, ಅದನ್ನು ನಿಲ್ಲಿಸಲು ಕಾರಣವೇ ಇಲ್ಲ.

ನೂರು ವರ್ಷಗಳಿಂದ ಈ ಗೋಪುರದ ಗಂಟೆ ತನ್ನ ಕೆಲಸವನ್ನು ಮಾಡಿದೆ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಅದು ಮತ್ತೆ ಮೊಳಗುವಾಗ ನಾವು ನಿಲ್ಲೋಣ. ಮಾತೆ ಮರಿಯಳು ನಮ್ಮ ಊರಿನ ಎಲ್ಲ ಮನೆಗಳಿಗೂ ಶಾಂತಿಯನ್ನು ಬೇಡಿಕೊಡಲೆಂದು ಪ್ರಾರ್ಥಿಸಿ ನನ್ನ ಮಾತನ್ನು ಮುಗಿಸುತ್ತೇನೆ.