ಒಂದು ಸುರುಳಿ, ಎರಡು ಚಿಪ್

ಈಗಿನ ಕಾರುಗಳಲ್ಲಿ ಆಕ್ಸಿಲರೇಟರ್ ತುಳಿದರೆ ಎಂಜಿನ್‌ವರೆಗೆ ಯಾವ ಕೇಬಲ್ಲೂ ಎಳೆಯುವುದಿಲ್ಲ. ಪೆಡಲ್ ಎಷ್ಟು ಕೆಳಗಿಳಿಯಿತೆಂದು ಸೆನ್ಸರ್ ಅಳೆದು ಹೇಳಿದ್ದನ್ನೇ ನಂಬಿ ಕಂಪ್ಯೂಟರ್ ಎಂಜಿನ್ ಓಡಿಸುತ್ತದೆ. ಒಂದನ್ನೇ ನಂಬಿ ಕೆಡಬಾರದಲ್ಲ! ಅದಕ್ಕೇ ಎರಡು ಸೆನ್ಸರ್ ಇಟ್ಟು, ಎರಡರ ಲೆಕ್ಕ ತಾಳೆಯಾಗುತ್ತದೆಯೇ ಎಂದು ನೋಡುವುದು ರೂಢಿ.

ಇವುಗಳಲ್ಲಿ ಒಂದು ಜಾತಿ, 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯನ್ನು ನೆಚ್ಚಿಕೊಂಡದ್ದು. ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಗಳಲ್ಲೇ ಸುರುಳಿಗಳನ್ನು ಬಿಡಿಸಿರುತ್ತಾರೆ. ಹೊರಗಿನದು ಪ್ರಚೋದಕ ಸುರುಳಿ. ಸೆನ್ಸರಿನ ಚಿಪ್ ಅದರಲ್ಲಿ ಸೆಕೆಂಡಿಗೆ ಹತ್ತಾರು ಲಕ್ಷ ಸಲ ದಿಕ್ಕು ಬದಲಿಸುವ ಕರೆಂಟ್ ಹರಿಸುತ್ತದೆ. ಒಳಗಿನ ಎರಡು ಗ್ರಾಹಕ ಸುರುಳಿಗಳಲ್ಲಿ ಪ್ರತಿಯೊಂದೂ ಅರ್ಧ ಬಲಸುತ್ತು, ಅರ್ಧ ಎಡಸುತ್ತು. ಹಾಗಾಗಿ ಅದರಲ್ಲಿ ಹುಟ್ಟುವ ವೋಲ್ಟೇಜ್ ವಜಾ ಆಗಿ ಸೊನ್ನೆ ಉಳಿಯುತ್ತದೆ. ಪೆಡಲ್ ಜೊತೆ ಚಲಿಸುವ ಲೋಹದ ತುಂಡು ಮೇಲೆ ಬಂದಾಗ ಅದರಲ್ಲಿ ಸುಳಿ ಪ್ರವಾಹ ಎದ್ದು, ಆ ಜಾಗದ ಕಾಂತಕ್ಷೇತ್ರ ಕುಗ್ಗಿ, ಸಮತೋಲ ತಪ್ಪುತ್ತದೆ. ಒಂದು ಸುರುಳಿ ಸೈನ್ ಕೊಟ್ಟರೆ ಇನ್ನೊಂದು ಕೊಸೈನ್. ಎರಡರ ಅನುಪಾತದಿಂದ ಸ್ಥಾನ ತಿಳಿಯುತ್ತದೆ. ಅನುಪಾತವಾದ್ದರಿಂದ, ಕರೆಂಟ್ ತುಸು ಏರಿಳಿದರೂ ಉತ್ತರ ಕೆಡದು.

ಎರಡು ಚಿಪ್‌ಗಳನ್ನು ಒತ್ತಟ್ಟಿಗೆ ಕೂರಿಸಿದಾಗ ತೊಡಕು ಶುರು. ಎರಡೂ ತಮ್ಮ ತಮ್ಮ ಸುರುಳಿ ಮಿಡಿಯುತ್ತವೆ. ಆವರ್ತನ ಹತ್ತಿರ ಹತ್ತಿರ, ಆದರೆ ಒಂದೇ ಅಲ್ಲ. ಶ್ರುತಿ ಕೂಡದ ತಂಬೂರಿಯ ಎರಡು ತಂತಿಗಳಿಂದ ಅಲೆಅಲೆಯಾಗಿ ನಾದ ಬರುವುದಿಲ್ಲವೇ, ಅಂಥದ್ದೇ ಅಲೆ ಅಳತೆಯಲ್ಲೂ ಕಾಣಿಸಿಕೊಳ್ಳುತ್ತದೆ. ವ್ಯತ್ಯಾಸ 50 ಹರ್ಟ್ಸ್ ಇದ್ದರೆ, ನಿಂತ ಪೆಡಲ್ ಕೂಡ ಸೆಕೆಂಡಿಗೆ 50 ಸಲ ನಡುಗಿದಂತೆ ತೋರೀತು.

ಹಾಗಾದರೆ ಪ್ರಚೋದಕ ಸುರುಳಿ ಒಂದೇ ಸಾಕಲ್ಲ? ಒಂದು ಚಿಪ್ ಮಿಡಿಯಲಿ, ಇನ್ನೊಂದು ಬರೀ ಕೇಳಲಿ. ಜಾಗವೂ ಉಳಿಯಿತು, ಜಗಳವೂ ಮುಗಿಯಿತು. ಆದರೆ ಕೇಳುವ ಚಿಪ್ಪಿಗೂ ಮಿಡಿತದ ತಾಳ ಸಿಗಬೇಕು; ಅದಿಲ್ಲದೆ ಗ್ರಾಹಕ ಸುರುಳಿಯ ವೋಲ್ಟೇಜ್ ಧನವೋ ಋಣವೋ ಅದಕ್ಕೆ ಗೊತ್ತಾಗದು. ಸ್ವಂತ ಸುರುಳಿ ಮಿಡಿಯದಿದ್ದರೆ ಕೆಟ್ಟಿದೆ ಎಂದು ತಾವೇ ದೂರು ಕೊಡುವ ಚಿಪ್‌ಗಳೂ ಇವೆ. ಅವನ್ನು ಬರೀ ಕೇಳಲು ಕೂರಿಸುವುದು ಸುಲಭವಲ್ಲ.

ಅದಕ್ಕಿಂತ ದೊಡ್ಡ ಪ್ರಶ್ನೆ: ಆ ಒಂದು ಸುರುಳಿ ತುಂಡಾದರೆ? ಎರಡೂ ಚಿಪ್ ಒಟ್ಟಿಗೇ ಬಾಯಿ ಮುಚ್ಚುತ್ತವೆ. ಪೆಡಲಿನ ಮಟ್ಟಿಗೆ ಇದು ಅನಾಹುತವೇನಲ್ಲ. ಸೆನ್ಸರ್ ಸತ್ತಿದೆಯೆಂದು ಕಂಪ್ಯೂಟರಿಗೆ ತಿಳಿಯುತ್ತದೆ, ಅದು ಎಂಜಿನ್ ವೇಗ ಇಳಿಸುತ್ತದೆ, ಕಾರನ್ನು ಬದಿಗೆ ತರಬಹುದು. ಸ್ಟೀರಿಂಗ್ ಹಾಗಲ್ಲ. ಚಕ್ರಕ್ಕೂ ಕೈಗೂ ನಡುವೆ ಕಬ್ಬಿಣದ ಕೊಂಡಿಯೇ ಇಲ್ಲದ ಕಾರುಗಳು ಬಂದಿವೆ; ಅಲ್ಲಿ ತಿರುವಿನ ನಡುವೆ ಸೆನ್ಸರ್ ಸುಮ್ಮನಾಗುವಂತಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೆ: ಪೆಡಲಿನಲ್ಲಿ ಸುರುಳಿ ಹಂಚಿಕೊಳ್ಳುವುದಿದ್ದರೆ ಹಂಚಿಕೊಳ್ಳಲಿ. ಸ್ಟೀರಿಂಗ್‌ನಲ್ಲಿ ಎರಡು ಸುರುಳಿಯೇ ಇರಲಿ. ಮಿಡಿತದ ವೇಗ ನಿರ್ಧರಿಸುವ ಕೆಪಾಸಿಟರ್ ಬದಲಿಸಿ ಅವುಗಳ ಆವರ್ತನವನ್ನು ಸಾಕಷ್ಟು ದೂರ ಮಾಡಿದರೆ ಆ ನಡುಕ ಸೋಸಿ ತೆಗೆಯುವಷ್ಟು ವೇಗದ್ದಾಗುತ್ತದೆ.